ಮೊದಲು ಬಡತನದ ವಿಚಾರಣೆ, ಆಮೇಲೆ ಸಾವಿನದು: ಔರಂಗಾಬಾದ್‌ನ ಒಂದು ಪ್ರಕರಣ

1963ರ ಜುಲೈ 10, ಮಹಾರಾಷ್ಟ್ರ. ಔರಂಗಾಬಾದ್‌ನ ಸರ್ಕಾರಿ ಆಸ್ಪತ್ರೆಗೆ ಒಬ್ಬ ಶಾಲಾ ಟೀಚರ್ ಹೆರಿಗೆಗೆಂದು ಬಂದು ಸೇರಿದರು. ಅವತ್ತೇ ಗಂಡು ಮಗು ಹುಟ್ಟಿತು. ಇನ್ನು ಮಕ್ಕಳು ಸಾಕು ಎಂದು ಅವರು ಮೊದಲೇ ತೀರ್ಮಾನ ಮಾಡಿದ್ದರು. ಹಾಗಾಗಿ 13ರಂದು ಅಲ್ಲಿಯೇ ಸಂತಾನಹರಣದ ಆಪರೇಷನ್ ಆಯಿತು. ಆಮೇಲೆ ಜ್ವರ ಏರಿತು, ಹೊಟ್ಟೆನೋವು ತಡೆಯಲಾರದಷ್ಟಾಯಿತು. 19ರಂದು ಇನ್ನೊಬ್ಬ ಸರ್ಜನ್ ಹೊಲಿಗೆ ಬಿಚ್ಚಿ ನೋಡಿದರು. ರಕ್ತ ಒರೆಸುವ ಬಟ್ಟೆ ಹೊಟ್ಟೆಯಲ್ಲೇ ಉಳಿದಿತ್ತು, ಕೀವು ತುಂಬಿತ್ತು. 24ರಂದು ಆಕೆ ತೀರಿಕೊಂಡರು.

ಗಂಡ ಮತ್ತು ಮಕ್ಕಳು ಸಿವಿಲ್ ಕೋರ್ಟಿಗೆ ಹೋದರು. ಕೇಳಿದ ಪರಿಹಾರ 1,75,000 ರೂಪಾಯಿ. ಆದರೆ ಅಷ್ಟು ದೊಡ್ಡ ದಾವೆಗೆ ಕಟ್ಟಬೇಕಾದ ಕೋರ್ಟ್ ಫೀ ಅವರ ಹತ್ತಿರ ಇರಲಿಲ್ಲ. ಹಾಗಾಗಿ ಮೊದಲು ಬೇರೆಯೇ ಅರ್ಜಿ ಹಾಕಬೇಕಾಯಿತು: ನಾವು ಬಡವರು, ಶುಲ್ಕ ಕಟ್ಟದೆ ದಾವೆ ಹೂಡಲು ಅಪ್ಪಣೆ ಕೊಡಿ ಎಂದು. ವಕೀಲರ ಬಾಯಲ್ಲಿ ಅದು ಇವತ್ತಿಗೂ 'ಪಾಪರ್ ಅರ್ಜಿ'ಯೇ. ಅಪ್ಪಣೆ ಸಿಕ್ಕಿತು, ದಾವೆ ನೋಂದಣಿ ಆಯಿತು. ಅದು ಮುಗಿದದ್ದು 1996ರ ಫೆಬ್ರವರಿ 20ರಂದು, ಸುಪ್ರೀಂ ಕೋರ್ಟಿನಲ್ಲಿ. ಸಾವಾಗಿ ಮೂವತ್ತೆರಡು ವರ್ಷ ಕಳೆದಿತ್ತು. ಕೆಳಗಿನ ಕೋರ್ಟು ಕೊಟ್ಟಿದ್ದ 36,000 ರೂಪಾಯಿಯೇ ಕೊನೆಗೆ ಉಳಿಯಿತು.

ಕಾನೂನು ಓದುವವರು ಈ ತೀರ್ಪನ್ನು ನೆನಪಿಡುವುದು ಬೇರೆ ಕಾರಣಕ್ಕೆ. ಆಸ್ಪತ್ರೆ ನಡೆಸುವುದು ಸರ್ಕಾರದ ರಾಜಾಧಿಕಾರದ ಕೆಲಸ, ಅದರಲ್ಲಿ ಆದ ತಪ್ಪಿಗೆ ಸರ್ಕಾರ ಹೊಣೆಯಲ್ಲ ಎಂಬ ವಾದ ಅಲ್ಲಿ ಬಿದ್ದುಹೋಯಿತು. ಬಾಂಬೆ ಹೈಕೋರ್ಟು ಆ ವಾದವನ್ನು ಒಪ್ಪಿ, ಕುಟುಂಬ ಗೆದ್ದಿದ್ದನ್ನು ರದ್ದು ಮಾಡಿತ್ತು. ಸುಪ್ರೀಂ ಕೋರ್ಟು ಅದನ್ನು ತಿರುಗಿಸಿತು. ಬಟ್ಟೆ ಬಿಟ್ಟದ್ದು ಇಂಥ ಡಾಕ್ಟರೇ ಎಂದು ಬೆರಳು ತೋರಿಸಲು ಆಗದಿದ್ದರೂ ಸರ್ಕಾರ ತಪ್ಪಿಸಿಕೊಳ್ಳುವಂತಿಲ್ಲ ಎಂದಿತು. ಹೊಟ್ಟೆಯಲ್ಲಿ ಬಟ್ಟೆ ಉಳಿದದ್ದೇ ನಿರ್ಲಕ್ಷ್ಯಕ್ಕೆ ಸಾಕ್ಷಿ ಎಂದಿತು.

ನನಗೆ ಮುಖ್ಯ ಅನಿಸುವುದು ಈ ಕೇಸಿನ ಮೊದಲ ಪುಟ. ಆಸ್ಪತ್ರೆಯಲ್ಲಿ ಏನು ತಪ್ಪಾಯಿತು ಎಂದು ಕೇಳುವ ಮೊದಲು ಕೋರ್ಟು, ನಿಮ್ಮ ಹತ್ತಿರ ಎಷ್ಟು ದುಡ್ಡಿದೆ ಎಂದು ಕೇಳಿತು. ಆ ಪ್ರಶ್ನೆ ಇವತ್ತಿಗೂ ಹೋಗಿಲ್ಲ. ಅದನ್ನು ಎದುರಿಸಬೇಕಾಗಿರುವುದು, ಸರಿಯಾಗಿ ನೋಡಿದರೆ, ಬಡವರಲ್ಲೂ ಬಡವರೇ.

ಕೋರ್ಟ್ ಫೀ ಎಂದರೆ ಎಷ್ಟು?

ಪರಿಹಾರ ಕೇಳುವ ಸಿವಿಲ್ ದಾವೆಯಲ್ಲಿ ಶುಲ್ಕ ಶೇಕಡಾವಾರು ಲೆಕ್ಕ. ಜಾಸ್ತಿ ಕೇಳಿದರೆ ಜಾಸ್ತಿ ಕಟ್ಟಬೇಕು. ನಮ್ಮಲ್ಲಿ ಇದಕ್ಕೆ 1958ರ ಕರ್ನಾಟಕ ಕೋರ್ಟ್ ಶುಲ್ಕ ಕಾಯ್ದೆ ಇದೆ. ಅದರ ಪಟ್ಟಿಯಲ್ಲಿ, ಮೊದಲ ಸಣ್ಣ ಹಂತ ಬಿಟ್ಟರೆ, ಮೊತ್ತ ಏರಿದ ಹಾಗೆ ಶೇಕಡಾ ದರ ಕ್ರಮೇಣ ಇಳಿಯುತ್ತದೆ. ಹಾಗಿದ್ದೂ 5 ಲಕ್ಷದ ದಾವೆಗೆ ಸುಮಾರು 33 ಸಾವಿರ, 10 ಲಕ್ಷದ ದಾವೆಗೆ ಸುಮಾರು 62 ಸಾವಿರ ರೂಪಾಯಿ ಆಗುತ್ತದೆ. ಇದು ಗೆದ್ದ ಮೇಲೆ ಕೊಡುವ ದುಡ್ಡಲ್ಲ. ಬಾಗಿಲಲ್ಲೇ ಇಡಬೇಕಾದ ದುಡ್ಡು. ಇದರ ಮೇಲೆ ಲಾಯರ್ ಫೀ, ನೋಟಿಸು ಕಳಿಸುವ ಪ್ರೋಸೆಸ್ ಫೀ, ಸಾಕ್ಷಿಗಳ ಬತ್ತೆ, ದೃಢೀಕೃತ ನಕಲುಗಳ ಖರ್ಚು, ಪ್ರತಿ ತಾರೀಕಿಗೂ ಕೂಲಿ ಬಿಟ್ಟು ತಾಲ್ಲೂಕಿಗೆ ಬರುವ ಬಸ್ ಚಾರ್ಜು.

ಇನ್ನೊಂದು ಕೈ ಇಲ್ಲಿ ಕಟ್ಟಿಹೋಗಿದೆ. ಅಮೆರಿಕದಲ್ಲಿ ದುಡ್ಡಿಲ್ಲದ ರೋಗಿಯ ಕೇಸನ್ನು ವಕೀಲರು ತಾವೇ ಖರ್ಚು ಹಾಕಿ ನಡೆಸುತ್ತಾರೆ. ಗೆದ್ದರೆ ಬಂದದ್ದರಲ್ಲಿ ಪಾಲು, ಸೋತರೆ ರೋಗಿ ಫೀ ಕೊಡಬೇಕಿಲ್ಲ. ನಮ್ಮ ಬಾರ್ ಕೌನ್ಸಿಲ್ ನಿಯಮದಲ್ಲಿ ಗೆಲುವಿನ ಮೇಲೆ ಫೀ ಗೊತ್ತು ಮಾಡಿಕೊಳ್ಳುವುದಕ್ಕೇ ನಿಷೇಧ ಇದೆ. ವಾಹನ ಅಪಘಾತದ ಕೇಸುಗಳಲ್ಲಿ ಬಾಯಿಮಾತಿನಲ್ಲಿ ಏನೇನು ನಡೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತು, ಆ ಮಾತು ಬೇರೆ. ಡಾಕ್ಟರ ಮೇಲಿನ ಕೇಸು ಅಷ್ಟು ಬೇಗ ಮುಗಿಯುವುದೂ ಇಲ್ಲ, ಗೆಲುವು ಅಷ್ಟು ಖಚಿತವೂ ಅಲ್ಲ. ಅದಕ್ಕೆ ಬಾಯಿಮಾತಿನ ಲೆಕ್ಕದಲ್ಲಿ ಕೈ ಹಾಕುವವರು ಕಡಿಮೆ.

ಬಡತನಕ್ಕೊಂದು ಪಾಟೀಸವಾಲು

ಔರಂಗಾಬಾದ್‌ನ ಕುಟುಂಬ ಬಳಸಿದ ದಾರಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 33ನೇ ಆದೇಶ. 1908ರಿಂದಲೂ ಇರುವ ದಾರಿ ಇದು. 1976ರ ತಿದ್ದುಪಡಿಯಲ್ಲಿ 'ಪಾಪರ್' ಎಂಬ ಪದ ತೆಗೆದು 'ನಿರ್ಗತಿಕ ವ್ಯಕ್ತಿ' ಎಂದು ಮಾಡಿದರು. ಜೊತೆಗೆ ಒಂದು ನಿಜವಾದ ಉಪಕಾರವೂ ಆಯಿತು. ಸಾಲಕ್ಕಾಗಿ ಜಪ್ತಿ ಮಾಡಬಾರದು ಎಂದು ಕಾನೂನು ಹೇಳುವ ವಸ್ತುಗಳನ್ನು ಈಗ ಲೆಕ್ಕಕ್ಕೆ ಹಿಡಿಯುವಂತಿಲ್ಲ: ಬಟ್ಟೆಬರೆ, ಅಡುಗೆ ಪಾತ್ರೆ, ಹಾಸಿಗೆ, ಕೈಕಸುಬಿನವರ ಸಲಕರಣೆ, ಧರ್ಮದ ರೂಢಿಯಂತೆ ಹೆಂಗಸು ತೆಗೆಯಬಾರದ ಒಡವೆ. ಅಂದರೆ ತಾಳಿ ಲೆಕ್ಕಕ್ಕಿಲ್ಲ. ಔರಂಗಾಬಾದ್‌ನವರು ಅರ್ಜಿ ಹಾಕಿದ ಕಾಲದಲ್ಲಿ ಇಷ್ಟು ಬಿಡಿಸಿ ಹೇಳುವ ಮಾತು ಕಾನೂನಿನಲ್ಲಿ ಇರಲಿಲ್ಲ.

ಈಗ ಈ ಅರ್ಜಿ ಹೇಗೆ ನಡೆಯುತ್ತದೆ ನೋಡಿ. ದಾವೆಯಲ್ಲಿ ಬರೆಯಬೇಕಾದದ್ದನ್ನೆಲ್ಲ ಇದರಲ್ಲೂ ಬರೆಯಬೇಕು. ಜೊತೆಗೆ ಅರ್ಜಿದಾರರ ಚರ-ಸ್ಥಿರ ಆಸ್ತಿಯ ಪಟ್ಟಿ ಇರಬೇಕು, ಒಂದೊಂದಕ್ಕೂ ಅಂದಾಜು ಬೆಲೆ ಹಾಕಿ. ಎಮ್ಮೆ ಒಂದು, ಇಷ್ಟು ರೂಪಾಯಿ. ಸೈಕಲ್ ಒಂದು, ಇಷ್ಟು. ಆಶ್ರಯ ಮನೆ, ಹಕ್ಕುಪತ್ರ ಯಾರ ಹೆಸರಲ್ಲಿ? ಅರ್ಜಿದಾರರು ಸ್ವತಃ ಕೋರ್ಟಿಗೆ ಹೋಗಿ ಇದನ್ನು ಕೊಡಬೇಕು, ವಿನಾಯಿತಿ ಇಲ್ಲದಿದ್ದರೆ. ಕೋರ್ಟು ಬೇರೆ ಏನೂ ಹೇಳದಿದ್ದರೆ ಮೊದಲ ವಿಚಾರಣೆ ಶಿರಸ್ತೇದಾರರ ಮಟ್ಟದಲ್ಲಿ ಆಗುತ್ತದೆ. ಆಮೇಲೆ ಎದುರು ಪಾರ್ಟಿಗೆ ನೋಟಿಸು, ಸರ್ಕಾರಿ ವಕೀಲರಿಗೂ ನೋಟಿಸು. ಇವರು ಬಡವರಲ್ಲ ಎಂದು ಸಾಬೀತು ಮಾಡುವ ಅವಕಾಶ ಇಬ್ಬರಿಗೂ ಇರುತ್ತದೆ. ಸಾಕ್ಷಿ ಕರೆಸಬಹುದು, ಅರ್ಜಿದಾರರಿಗೆ ಪ್ರಶ್ನೆ ಹಾಕಬಹುದು. ಕಿವಿಯ ಓಲೆ ಚಿನ್ನದ್ದಾ? ಅಣ್ಣನ ಹೆಸರಿನ ಜಮೀನಿನಲ್ಲಿ ನಿಮ್ಮ ಪಾಲೆಷ್ಟು? ಮಗನ ಮೊಬೈಲಿಗೆ ದುಡ್ಡು ಎಲ್ಲಿಂದ ಬಂತು?

ಸರ್ಕಾರಿ ಆಸ್ಪತ್ರೆಯ ಮೇಲಿನ ಕೇಸಿನಲ್ಲಿ ಇದು ಇನ್ನೂ ವಿಚಿತ್ರವಾಗುತ್ತದೆ. ಶುಲ್ಕ ಹೋಗುವುದು ಸರ್ಕಾರದ ಬೊಕ್ಕಸಕ್ಕೆ. ಪ್ರತಿವಾದಿಯೂ ಸರ್ಕಾರವೇ. ನೀನು ಶುಲ್ಕ ಕಟ್ಟಲಾರದಷ್ಟು ಬಡವನೇ ಎಂದು ಕೇಳುವವರು, ನಮ್ಮ ಆಸ್ಪತ್ರೆಯಲ್ಲಿ ತಪ್ಪೇ ಆಗಿಲ್ಲ ಎನ್ನುವವರು, ಇಬ್ಬರೂ ಒಂದೇ ಕಚೇರಿಯವರು. ಇದಕ್ಕೂ ಮೊದಲು ಸರ್ಕಾರದ ಮೇಲೆ ದಾವೆ ಹೂಡಲು ಎರಡು ತಿಂಗಳ ನೋಟಿಸು ಬೇರೆ ಕೊಡಬೇಕು, ಸಂಹಿತೆಯ 80ನೇ ಕಲಂ ಪ್ರಕಾರ.

ಶುಲ್ಕ ಕಟ್ಟಲು 'ಸಾಕಷ್ಟು ಅನುಕೂಲ' ಇಲ್ಲದವರೇ ಕಾನೂನಿನ ಲೆಕ್ಕದಲ್ಲಿ ನಿರ್ಗತಿಕರು. ಆ ಅನುಕೂಲ ಎಂದರೆ ಕೈಯಲ್ಲಿರುವ ನಗದು ಮಾತ್ರವಲ್ಲ ಎಂದು 2011ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಸಹಜವಾದ, ಕಾನೂನುಬದ್ಧ ದಾರಿಯಲ್ಲಿ ದುಡ್ಡು ಹೊಂದಿಸುವ ಶಕ್ತಿ ಇದೆಯೇ ಎಂದೂ ನೋಡಬೇಕು. ಕಾನೂನಾಗಿ ಇದು ಸರಿಯೇ ಇರಬಹುದು. ಆದರೆ ಒಂದೆಕರೆ ಒಣಭೂಮಿ ಇರುವ ವಿಧವೆಗೆ ಇದರ ಅರ್ಥ ಏನು? ಅದನ್ನು ಅಡವಿಟ್ಟು ಕೇಸು ನಡೆಸಬಹುದಲ್ವಾ ಎಂದು ಎದುರಿನವರು ಕೇಳುತ್ತಾರೆ. ತೀರಾ ಬಡವರು ಈ ಬಾಗಿಲಲ್ಲಿ ಒಳಗೆ ಹೋಗಬಹುದು. ಅರ್ಧ ಬಡವರು, ಅಂದರೆ ಸ್ವಲ್ಪ ಜಮೀನು, ಸ್ವಲ್ಪ ಸಾಲ, ಒಂದು ಸಣ್ಣ ಮನೆ ಇರುವವರು, ಹೊಸ್ತಿಲಲ್ಲೇ ಸಿಕ್ಕಿಕೊಳ್ಳುತ್ತಾರೆ.

ಅಪ್ಪಣೆ ಸಿಕ್ಕಿತು ಅಂದುಕೊಳ್ಳೋಣ. ಶುಲ್ಕ ಮಾಫಿ ಆಯಿತು ಎಂದಲ್ಲ, ಮುಂದಕ್ಕೆ ಹೋಯಿತು ಅಷ್ಟೇ. ಗೆದ್ದರೆ, ಬರುವ ಹಣದ ಮೇಲೆ ಆ ಶುಲ್ಕದ್ದೇ ಮೊದಲ ಹಕ್ಕು. ಸೋತರೆ ವಾದಿಯಿಂದ ಶುಲ್ಕ ವಸೂಲು ಮಾಡಲು ಕೋರ್ಟು ಆದೇಶ ಕೊಡಬೇಕು ಎಂದು ನಿಯಮ ಇದೆ. ಶುಲ್ಕದ ಲೆಕ್ಕ ಕೇಳಿದ ಮೊತ್ತದ ಮೇಲೆ, ಸಿಕ್ಕಿದ ಮೊತ್ತದ ಮೇಲಲ್ಲ. ಔರಂಗಾಬಾದ್‌ನಲ್ಲಿ ಕೇಳಿದ್ದಕ್ಕೂ ಸಿಕ್ಕಿದ್ದಕ್ಕೂ ಹತ್ತಿರ ಹತ್ತಿರ ಐದು ಪಟ್ಟು ವ್ಯತ್ಯಾಸ ಇತ್ತು. ಅದಕ್ಕೇ ಅನುಭವ ಇರುವ ವಕೀಲರು ಸುಮ್ನೆ ದೊಡ್ಡ ಮೊತ್ತ ಬರೆಯುವುದಿಲ್ಲ. ಆದರೆ ಸಣ್ಣ ಮೊತ್ತ ಬರೆದರೆ ಸಣ್ಣ ಮೊತ್ತವೇ ಸಿಗುತ್ತದೆ. ಸಾವಿಗೆ ಬೆಲೆ ಕಟ್ಟುವಾಗಲೂ ಜೇಬು ನೋಡಿಕೊಂಡು ಕಟ್ಟಬೇಕಾದ ಸ್ಥಿತಿ ಇದು.

ಅಗ್ಗದ ಬಾಗಿಲು ಯಾರಿಗೆ?

ಇದನ್ನು ಓದುತ್ತಾ ನಿಮಗೆ ಅನಿಸಿರಬಹುದು: ಈಗ ಗ್ರಾಹಕರ ಕೋರ್ಟು ಇದೆಯಲ್ಲ, ಇಷ್ಟೆಲ್ಲ ಯಾಕೆ? ನಿಜ, ಇದೆ. ಇವತ್ತು ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಚಿಕಿತ್ಸೆಗೆ ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ದೂರಿಗೆ ಶುಲ್ಕವೇ ಇಲ್ಲ. 5ರಿಂದ 10 ಲಕ್ಷಕ್ಕೆ 200 ರೂಪಾಯಿ, 10ರಿಂದ 20 ಲಕ್ಷಕ್ಕೆ 400. 2019ರ ಕಾಯ್ದೆಯಲ್ಲಿ ಲೆಕ್ಕ ಹಿಡಿಯುವುದು ಕೊಟ್ಟ ಬಿಲ್ಲನ್ನು, ಕೇಳುವ ಪರಿಹಾರವನ್ನಲ್ಲ. 40 ಸಾವಿರ ಬಿಲ್ಲು ಕಟ್ಟಿದವರು 20 ಲಕ್ಷ ಪರಿಹಾರವನ್ನು ಒಂದು ಪೈಸೆ ಶುಲ್ಕ ಇಲ್ಲದೆ ಕೇಳಬಹುದು. ವಕೀಲರು ಬೇಕೇ ಬೇಕು ಎಂದೂ ಇಲ್ಲ. ಎರಡು ವರ್ಷದ ಒಳಗೆ ದೂರು ಕೊಡಬೇಕು, ಅದು ಮುಖ್ಯ. ಸಿವಿಲ್ ಕೋರ್ಟಿನ 62 ಸಾವಿರದ ಪಕ್ಕ ಇದನ್ನು ಇಟ್ಟು ನೋಡಿ.

ಆದರೆ ಈ ಬಾಗಿಲು ತೆರೆದಿರುವುದು ಗ್ರಾಹಕರಿಗೆ. ದುಡ್ಡು ಕೊಟ್ಟವರು ಗ್ರಾಹಕರು. 1995ರ ನವೆಂಬರ್ 13ರಂದು, ಭಾರತೀಯ ವೈದ್ಯಕೀಯ ಸಂಘ ಒಂದು ಪಕ್ಷವಾಗಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಗೆರೆ ಎಳೆಯಿತು. ಎಲ್ಲರಿಂದಲೂ ಹಣ ಪಡೆಯುವ ಆಸ್ಪತ್ರೆ ಕಾಯ್ದೆಯ ಒಳಗೆ. ಕೆಲವರಿಂದ ಪಡೆದು ಉಳಿದವರಿಗೆ ಉಚಿತವಾಗಿ ನೋಡುವ ಆಸ್ಪತ್ರೆಯೂ ಒಳಗೆ, ಅಲ್ಲಿ ಉಚಿತವಾಗಿ ಚಿಕಿತ್ಸೆ ಪಡೆದವರೂ ದೂರು ಕೊಡಬಹುದು. ಎಲ್ಲರಿಗೂ ಉಚಿತವಾಗಿ ನೋಡುವ ಆಸ್ಪತ್ರೆ ಹೊರಗೆ. ಹೆಸರು ಬರೆಸಲು ಕೊಡುವ ಚೀಟಿ ಹಣ ಲೆಕ್ಕಕ್ಕೆ ಬರುವುದಿಲ್ಲ.

ಔರಂಗಾಬಾದ್ ತೀರ್ಪು ಬಂದದ್ದು ಇದಾದ ಮೂರು ತಿಂಗಳಿಗೆ. ಎರಡನ್ನೂ ಜೊತೆಗಿಟ್ಟು ಓದಿದರೆ ಚಿತ್ರ ಪೂರ್ತಿಯಾಗುತ್ತದೆ. ಸರ್ಕಾರಿ ಆಸ್ಪತ್ರೆಯ ತಪ್ಪಿಗೆ ಸರ್ಕಾರ ಹೊಣೆ ಎಂದು ಒಂದು ಹೇಳಿತು. ಆದರೆ ಪೂರ್ತಿ ಉಚಿತವಾಗಿ ನಡೆಯುವ ಸರ್ಕಾರಿ ಆಸ್ಪತ್ರೆಯಾದರೆ ಅಗ್ಗದ ಕೋರ್ಟಿಗೆ ಬರಬೇಡಿ ಎಂದು ಇನ್ನೊಂದು ಹೇಳಿತ್ತು. ತರ್ಕ ಸರಿ ಇದೆ. ಕೊಂಡಿದ್ದೇ ಇಲ್ಲದ ಮೇಲೆ ಗ್ರಾಹಕ ಹೇಗೆ? ಆದರೆ ಪರಿಣಾಮ ನೋಡಿ. ಕಾರ್ಪೊರೇಟ್ ಆಸ್ಪತ್ರೆಯಲ್ಲಿ 4 ಲಕ್ಷ ಬಿಲ್ಲು ಕಟ್ಟಿದವರಿಗೆ ಶುಲ್ಕ ಸೊನ್ನೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಏನೂ ಕೊಡದೆ ಹೆರಿಗೆಗೆ ಹೋದವಳಿಗೆ ಶೇಕಡಾವಾರು ಶುಲ್ಕ, ಇಲ್ಲವೇ ಬಡತನದ ಪಾಟೀಸವಾಲು. ಇದಕ್ಕಿಂತ ತಲೆಕೆಳಗಾದ ವ್ಯವಸ್ಥೆ ಬೇಕೆಂದು ಕೂತು ಯೋಚಿಸಿದರೂ ಮಾಡಲು ಆಗುತ್ತಿರಲಿಲ್ಲ.

ಗೆರೆ ಅಲ್ಲಲ್ಲಿ ಸಡಿಲವಾಗಿದೆ. ಸಂಬಳದಿಂದ ವಂತಿಗೆ ಕಡಿತ ಆಗುವುದರಿಂದ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುವ ಕಾರ್ಮಿಕರು ಗ್ರಾಹಕರೇ ಎಂದು 2007ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಗಾರ್ಮೆಂಟ್ ಫ್ಯಾಕ್ಟರಿಯ ಹೆಣ್ಣುಮಕ್ಕಳಿಗೆ ಇದು ಗೊತ್ತಿರಬೇಕಾದ ವಿಷಯ. ಸರ್ಕಾರಿ ಯೋಜನೆಯ ಕಾರ್ಡಿನಲ್ಲಿ ಖಾಸಗಿ ಆಸ್ಪತ್ರೆಗೆ ಹೋದವರ ಪರವಾಗಿಯೂ 1995ರ ತೀರ್ಪಿನಲ್ಲೇ ಗಟ್ಟಿ ವಾದ ಇದೆ, ಯಾಕೆಂದರೆ ಅದೇ ಆಸ್ಪತ್ರೆಯಲ್ಲಿ ಬೇರೆಯವರು ದುಡ್ಡು ಕೊಡುತ್ತಾರೆ. ಔರಂಗಾಬಾದ್‌ನಂಥ ಸಾವಿಗೆ, ಅಂದರೆ ಸಂತಾನಹರಣದ ಆಪರೇಷನ್‌ನಿಂದ ಆದ ಸಾವಿಗೆ, ಈಗ ಕೋರ್ಟಿಗೆ ಹೋಗದೆಯೇ ಪರಿಹಾರ ಕೊಡುವ ಕೇಂದ್ರ ಯೋಜನೆ ಇದೆ. 2005ರಲ್ಲಿ ಸುಪ್ರೀಂ ಕೋರ್ಟಿನ ಆದೇಶದ ನಂತರ ಬಂದದ್ದು ಅದು. ಮಿಕ್ಕ ಎಲ್ಲ ಆಪರೇಷನ್‌ಗಳಿಗೆ ಅಂಥದ್ದಿಲ್ಲ.

ಶುಲ್ಕ ಹೋದರೂ ಉಳಿಯುವುದು

ಔರಂಗಾಬಾದ್‌ನ ಕುಟುಂಬಕ್ಕೆ ಒಂದು ವಿಷಯದಲ್ಲಿ ಅನುಕೂಲ ಇತ್ತು. ಅದನ್ನು ಅನುಕೂಲ ಎನ್ನಲು ಮನಸ್ಸು ಬರುವುದಿಲ್ಲ. ಬಟ್ಟೆ ಕಣ್ಣಿಗೆ ಕಾಣುವ ವಸ್ತು, ಮತ್ತು ಅದನ್ನು ಕಂಡವರು ಇನ್ನೊಬ್ಬ ಸರ್ಜನ್. ಅಷ್ಟಾಗಿಯೂ ಹೈಕೋರ್ಟಿನಲ್ಲಿ ನಿರ್ಲಕ್ಷ್ಯ ಸಾಬೀತಾಗಿಲ್ಲ ಎಂದಾಯಿತು. ಇನ್ನು ಅರಿವಳಿಕೆಯ ಪ್ರಮಾಣ ತಪ್ಪಿತು, ರಕ್ತಸ್ರಾವ ನೋಡುವುದು ತಡವಾಯಿತು ಎಂಬಂಥ ಕೇಸುಗಳಲ್ಲಿ ಹೇಳಬೇಕಾದವರು ಇನ್ನೊಬ್ಬ ಡಾಕ್ಟರೇ. ಅವರು ಪುಕ್ಕಟೆ ಸಿಗುವುದಿಲ್ಲ, ಬರಲು ಒಪ್ಪುವುದೂ ಕಷ್ಟ. ಎಲ್ಲ ಕೇಸಿನಲ್ಲೂ ತಜ್ಞರ ಸಾಕ್ಷ್ಯ ಬೇಕಿಲ್ಲ ಎಂದು 2010ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟ ಮಾಡಿತು. ಬೇಕಾಗುವ ಕೇಸುಗಳೇ ಜಾಸ್ತಿ.

ಗೆದ್ದ ದೊಡ್ಡ ಪ್ರಕರಣ ಯಾರದ್ದು ಎಂದು ನೋಡಿದರೂ ಇದು ಗೊತ್ತಾಗುತ್ತದೆ. ಕೋಲ್ಕತ್ತಾದಲ್ಲಿ ಚಿಕಿತ್ಸೆ ಪಡೆದು 1998ರಲ್ಲಿ ಮುಂಬೈಯಲ್ಲಿ ತೀರಿಕೊಂಡ ಮಹಿಳೆಯ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ಪರಿಹಾರ ಬಡ್ಡಿ ಬಿಟ್ಟು ಹತ್ತಿರ ಹತ್ತಿರ 6 ಕೋಟಿ. ಕೇಸು ನಡೆಸಿದ ಗಂಡ ಸ್ವತಃ ಡಾಕ್ಟರು, ಅಮೆರಿಕದಲ್ಲಿ ನೆಲೆಸಿದವರು. ಅವರ ಹದಿನೈದು ವರ್ಷದ ಹಟಕ್ಕೆ ಕೈ ಮುಗಿಯಬೇಕು. ಆದರೆ ಅದೇ ಹಟ ಇದ್ದರೂ ಕೂಲಿಯವರ ಹತ್ತಿರ ಆ ಓದು ಇಲ್ಲ, ಆ ಟಿಕೆಟ್ ದುಡ್ಡೂ ಇಲ್ಲ. ಹರಿಯಾಣದ ಬಡ ಕೂಲಿ ಹೆಂಗಸೊಬ್ಬಳು ಸರ್ಕಾರಿ ಆಸ್ಪತ್ರೆಯ ಸಂತಾನಹರಣದ ಆಪರೇಷನ್ ವಿಫಲವಾಗಿ ಮತ್ತೆ ಮಗುವಾದಾಗ 2 ಲಕ್ಷ ಕೇಳಿದ್ದಳು. 2000ದಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದದ್ದು 54,000 ರೂಪಾಯಿ, ಅದರ ಮೇಲೆ ಬಡ್ಡಿ. ಅಷ್ಟು ಸಣ್ಣ ಮೊತ್ತಕ್ಕೂ ಸರ್ಕಾರ ದಿಲ್ಲಿಯವರೆಗೆ ಮೇಲ್ಮನವಿ ಹೋಗಿತ್ತು.

ಕೋರ್ಟಿಗೆ ಹೋದರೆ ಗೆದ್ದವನು ಸೋತ, ಸೋತವನು ಸತ್ತ ಎಂದು ನಮ್ಮಲ್ಲಿ ಹೇಳುವುದು ಇಂಥದ್ದನ್ನೆಲ್ಲ ನೋಡಿಯೇ. 1963ರ 1,75,000ಕ್ಕೆ ಏನು ಬರುತ್ತಿತ್ತು, 1996ರ 36,000ಕ್ಕೆ ಏನು ಬಂತು, ನೀವೇ ಲೆಕ್ಕ ಹಾಕಿ. ಅವತ್ತು ಹುಟ್ಟಿದ ಮಗು ತೀರ್ಪು ಬರುವ ಹೊತ್ತಿಗೆ ಮೂವತ್ತೆರಡು ದಾಟುವ ವಯಸ್ಸು.

ಇವತ್ತು ಏನಿದೆ

ಆಗ ಇಲ್ಲದ್ದು ಈಗ ಒಂದೆರಡು ಇವೆ. ಉಚಿತ ಕಾನೂನು ನೆರವಿನ ಕಾಯ್ದೆ 1987ರದ್ದು, ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಅಂಗವಿಕಲರಿಗೆ, ಕಾರ್ಖಾನೆ ಕಾರ್ಮಿಕರಿಗೆ ಆದಾಯ ಎಷ್ಟೇ ಇದ್ದರೂ ನೆರವು ಸಿಗುತ್ತದೆ. ಮಿಕ್ಕವರಿಗೆ ಆದಾಯದ ಮಿತಿ ಇದೆ. ನೆರವು ಎಂದರೆ ವಕೀಲರು ಮಾತ್ರವಲ್ಲ, ಕೋರ್ಟ್ ಫೀ ಮತ್ತು ಸಾಕ್ಷಿ ಖರ್ಚು ಕೂಡ ಅದರಲ್ಲಿ ಬರುತ್ತದೆ. ಗಂಡ ಸತ್ತ ಹೆಂಗಸು ಆಸ್ತಿಪಟ್ಟಿ ಹಿಡಿದು ಪಾಟೀಸವಾಲಿಗೆ ನಿಲ್ಲುವ ಮೊದಲು ತಾಲ್ಲೂಕು ಕೋರ್ಟಿನ ಆವರಣದಲ್ಲೇ ಇರುವ ಕಾನೂನು ಸೇವಾ ಸಮಿತಿಗೆ ಹೋಗಬೇಕು. ಸಹಾಯವಾಣಿ 15100. ಸರ್ಕಾರಿ ಆಸ್ಪತ್ರೆಯ ಕೇಸ್ ಶೀಟ್ ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿಗೆ ಅರ್ಜಿ ಹಾಕಬಹುದು, ಬಿಪಿಎಲ್ ಕಾರ್ಡು ಇದ್ದರೆ ಅದೂ ಬೇಡ. ಕೇಸ್ ಶೀಟ್ ಮೊದಲು ಕೈಗೆ ಬರಲಿ. ತಡವಾದಷ್ಟೂ ಅದು ಸಿಗುವುದು ಕಷ್ಟ.

ಇನ್ನೊಂದು ಬಾಗಿಲು ಇದೆ. ಅದರ ಬಗ್ಗೆ ವಕೀಲರೂ ಸಾಮಾನ್ಯವಾಗಿ ಹೇಳುವುದಿಲ್ಲ. ಅದೇ ಕಾನೂನು ನೆರವಿನ ಕಾಯ್ದೆಗೆ 2002ರಲ್ಲಿ ಸೇರಿಸಿದ ಖಾಯಂ ಲೋಕ್ ಅದಾಲತ್. ಸಾರ್ವಜನಿಕ ಉಪಯೋಗಿ ಸೇವೆಗಳ ವ್ಯಾಜ್ಯಗಳಿಗಾಗಿ ಮಾಡಿದ್ದು. ಬಸ್ಸು, ಅಂಚೆ, ಕರೆಂಟು, ನೀರಿನ ಜೊತೆಗೆ ಪಟ್ಟಿಯಲ್ಲಿ ಆಸ್ಪತ್ರೆ ಮತ್ತು ದವಾಖಾನೆಯ ಸೇವೆಯೂ ಇದೆ. ಉಚಿತ ಆಸ್ಪತ್ರೆ ಬೇರೆ, ದುಡ್ಡಿನ ಆಸ್ಪತ್ರೆ ಬೇರೆ ಎಂಬ ಮಾತು ಆ ಪಟ್ಟಿಯಲ್ಲಿ ಇಲ್ಲ. 1 ಕೋಟಿ ರೂಪಾಯಿವರೆಗಿನ ವ್ಯಾಜ್ಯ ಅಲ್ಲಿಗೆ ಹೋಗಬಹುದು. ಸಿವಿಲ್ ದಾವೆಯ ಹಾಗೆ ಶೇಕಡಾವಾರು ಶುಲ್ಕ ಇಲ್ಲ. ಮೊದಲು ರಾಜಿ ಮಾಡಿಸಲು ನೋಡುತ್ತಾರೆ. ರಾಜಿ ಆಗದಿದ್ದರೆ, ಸಾಮಾನ್ಯ ಲೋಕ್ ಅದಾಲತ್ತಿನಂತೆ ಕೈಬಿಡದೆ, ತಾವೇ ತೀರ್ಮಾನ ಕೊಡುತ್ತಾರೆ. ಆ ತೀರ್ಮಾನದ ಮೇಲೆ ಮೇಲ್ಮನವಿ ಇಲ್ಲ, ಹೈಕೋರ್ಟಿಗೆ ರಿಟ್ ಹಾಕಬಹುದು ಅಷ್ಟೇ. ಮೂರು ಕೋರ್ಟು ಹತ್ತಿ ಇಳಿದ ಔರಂಗಾಬಾದ್‌ನವರಿಗೆ ಇದರ ಬೆಲೆ ಗೊತ್ತಾಗುತ್ತಿತ್ತು.

ತೊಂದರೆಗಳೂ ಇವೆ. ಇದು ಎಲ್ಲ ಜಿಲ್ಲೆಯಲ್ಲೂ ಕೂರುವುದಿಲ್ಲ. ರಾಜಿಗೆ ಅವಕಾಶ ಇಲ್ಲದ ಅಪರಾಧಕ್ಕೆ ಸೇರಿದ ವಿಷಯವನ್ನು ಅದು ಮುಟ್ಟುವುದಿಲ್ಲ. ಕಠಿಣ ವೈದ್ಯಕೀಯ ಪ್ರಶ್ನೆ ಬಂದರೆ ಇಲ್ಲೂ ಡಾಕ್ಟರ ಅಭಿಪ್ರಾಯ ಬೇಕಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಸರದಿ: ವ್ಯಾಜ್ಯ ಬೇರೆ ಯಾವ ಕೋರ್ಟಿಗೂ ಹೋಗುವ ಮುಂಚೆ ಅಲ್ಲಿಗೆ ಹೋಗಬೇಕು. ಒಮ್ಮೆ ಸಿವಿಲ್ ಕೋರ್ಟಿನಲ್ಲಿ ದಾವೆ ದಾಖಲಾಯಿತೋ, ಆ ಬಾಗಿಲು ಮುಚ್ಚಿತು. ಅದಕ್ಕೇ ವಕಾಲತ್ತಿಗೆ ಸಹಿ ಹಾಕುವ ಮೊದಲೇ ಕಾನೂನು ಸೇವಾ ಸಮಿತಿಯಲ್ಲಿ ಕೇಳಿಕೊಳ್ಳಿ: ನಮ್ಮ ಜಿಲ್ಲೆಯ ಕೇಸು ಯಾವ ಊರಿನ ಖಾಯಂ ಲೋಕ್ ಅದಾಲತ್ತಿಗೆ ಹೋಗುತ್ತದೆ, ಅರ್ಜಿ ನಮೂನೆ ಎಲ್ಲಿ ಸಿಗುತ್ತದೆ ಎಂದು.